ವಾನ್‌ಸ್ಟೆಡ್: ಮಹಲು ಅಳಿದ ಮೇಲೂ ಉಳಿದ ತೋಟ

ಇಂಗ್ಲೆಂಡಿನಲ್ಲಿ ಹಳ್ಳಿಗಾಡಿನ ಮಹಲು ಎಂದರೆ ಬರೀ ದೊಡ್ಡ ಮನೆಯಲ್ಲ. ಅದರ ಸುತ್ತಲಿನ ಜಮೀನು, ಅಗೆದು ತುಂಬಿಸಿದ ಕೊಳಗಳು, ಗೆರೆ ಎಳೆದಂತೆ ನೆಟ್ಟ ಸಾಲುಮರಗಳು, ಗೇಣಿಯ ಹುಟ್ಟುವಳಿ, ಮನೆತನದ ಪ್ರತಿಷ್ಠೆ ಎಲ್ಲವೂ ಸೇರಿ ಆ ಹೆಸರಿಗೆ ಅರ್ಥ ಬರುತ್ತಿತ್ತು. ಹೀಗಾಗಿ ಅಂಥ ಮಹಲೊಂದು ನೆಲಸಮವಾದಾಗ ಏನು ಹೋಯಿತು, ಏನು ಉಳಿಯಿತು ಎಂಬ ಪ್ರಶ್ನೆಗೆ ಕಟ್ಟಡವೊಂದನ್ನೇ ನೋಡಿ ಉತ್ತರ ಹೇಳಲಾಗದು. ಲಂಡನ್ನಿನ ಈಶಾನ್ಯಕ್ಕಿರುವ, ಹಿಂದೆ ಎಸೆಕ್ಸ್ ಪ್ರಾಂತಕ್ಕೆ ಸೇರಿದ್ದ ವಾನ್‌ಸ್ಟೆಡ್‌ನ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿನ ಕಲ್ಲಿನ ಮಹಲು ನಿಂತದ್ದು ಒಂದು ಶತಮಾನಕ್ಕೆ ತುಸು ಹೆಚ್ಚು ಕಾಲ ಮಾತ್ರ. ಅದಕ್ಕಿಂತ ಮೊದಲೇ ರೂಪ ತಳೆಯತೊಡಗಿದ್ದ ತೋಟದ ನೆಲ ಮತ್ತು ನೀರು ಇಂದಿಗೂ ಗುರುತು ಹಿಡಿಯುವಂತಿವೆ.

ಹದಿನಾರನೆಯ ಶತಮಾನದಲ್ಲಿ ರಾಣಿ ಎಲಿಜಬೆತ್‌ಳ ಆಪ್ತನಾಗಿದ್ದ ಲೆಸ್ಟರ್ ಪ್ರಭುವಿನ ಕೈಯಲ್ಲಿದ್ದ ಈ ಆಸ್ತಿಯನ್ನು 1673ರಲ್ಲಿ ಕೊಂಡವನು ಜೋಸಾಯ ಚೈಲ್ಡ್. ನೌಕಾಪಡೆಗೆ ಸಾಮಗ್ರಿ ಒದಗಿಸುವ ವ್ಯಾಪಾರದಿಂದ ಮೇಲೆ ಬಂದ ಇವನು 1680ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಆದನು. ಕಾರವಾರದ ಕೋಠಿಯಿಂದ, ಅಂದರೆ ಕಂಪನಿಯ ಗೋದಾಮು ಮತ್ತು ವ್ಯವಹಾರದ ಠಾಣೆಯಿಂದ, ಕಾಳುಮೆಣಸು ಹಡಗೇರುತ್ತಿದ್ದ ಕಾಲವದು. ಔರಂಗಜೇಬನ ಸಾಮ್ರಾಜ್ಯದ ವಿರುದ್ಧ ಕಂಪನಿ 1686ರಲ್ಲಿ ಆರಂಭಿಸಿ, ಸೋತು, 1690ರಲ್ಲಿ ದಂಡ ತೆತ್ತು ಮುಗಿಸಿದ ಕಾಳಗವನ್ನು ಚರಿತ್ರೆಕಾರರು ಇವನ ಹೆಸರಿನಿಂದಲೇ ಕರೆಯುತ್ತಾರೆ. ಆದರೆ ಚೈಲ್ಡ್ ಹಣ ಸುರಿದದ್ದು ಮನೆಗಿಂತ ಹೆಚ್ಚಾಗಿ ನೆಲಕ್ಕೆ. ಎಪಿಂಗ್ ಕಾಡಿನ ಅಂಚಿನ ಬರಡು ಭೂಮಿಯಲ್ಲಿ ಅವನು ಅಕ್ರೋಟು ಮರಗಳನ್ನು ನೆಡಿಸಿದ, ಮೈಲುಗಟ್ಟಲೆ ಸುತ್ತಳತೆಯಲ್ಲಿ ಮೀನುಕೊಳಗಳನ್ನು ತೋಡಿಸಿದ. ಇದನ್ನು 1683ರಲ್ಲಿ ಅಲ್ಲಿಗೆ ಭೇಟಿ ಕೊಟ್ಟ ದಿನಚರಿಕಾರ ಜಾನ್ ಎವೆಲಿನ್ ತುಸು ಅಸಮಾಧಾನದಿಂದಲೇ ದಾಖಲಿಸಿದ್ದಾನೆ. ಮರ ಫಲ ಕೊಡಲು ತಲೆಮಾರು ಬೇಕು. ಹೊಸದಾಗಿ ಹಣ ಕಂಡ ವರ್ತಕನೊಬ್ಬ ಮೊದಲು ಮರ ನೆಟ್ಟನೆಂಬುದೇ ಆ ಮನೆತನದ ಆಸೆ ಎಷ್ಟು ದೂರ ಚಾಚಿತ್ತೆಂಬುದನ್ನು ತಿಳಿಸುತ್ತದೆ.

ಮಹಲು ಕಟ್ಟಿಸಿದವನು ಅವನ ಮಗ ರಿಚರ್ಡ್ ಚೈಲ್ಡ್. ಆಸ್ತಿ ಕೈಸೇರಿದ ಎರಡು ವರ್ಷಗಳಲ್ಲಿ ಇವನು ಜಾರ್ಜ್ ಲಂಡನ್ ಎಂಬ ಹೆಸರಾಂತ ತೋಟಗಾರನನ್ನು ನೇಮಿಸಿ ಹಳೆಯ ಮನೆಯ ಸುತ್ತ ರೇಖಾಗಣಿತದ ಅಚ್ಚುಕಟ್ಟಿನ ತೋಟ ಮಾಡಿಸಿದ. ಬಳಿಕ ಸುಮಾರು 1715ರಲ್ಲಿ ಸ್ಕಾಟ್ಲೆಂಡ್ ಮೂಲದ ವಾಸ್ತುಶಿಲ್ಪಿ ಕಾಲೆನ್ ಕ್ಯಾಂಬೆಲ್‌ನಿಂದ ಹೊಸ ಮಹಲಿನ ನಕ್ಷೆ ಬರೆಸಿದ. ಪೋರ್ಟ್‌ಲ್ಯಾಂಡ್ ಎಂಬ ಬಿಳಿಯ ಸುಣ್ಣಕಲ್ಲಿನಲ್ಲಿ 1722ರ ಹೊತ್ತಿಗೆ ಎದ್ದು ನಿಂತ ಈ ಕಟ್ಟಡದ ಮುಂಭಾಗ 260 ಅಡಿ ಉದ್ದವಿತ್ತು. ನಡುವೆ ಆರು ಕಂಬಗಳ ಮೇಲೆ ತ್ರಿಕೋನದ ಮುಡಿಯುಳ್ಳ, ರೋಮನ್ ದೇವಾಲಯವನ್ನು ಹೋಲುವ ಮುಖಮಂಟಪವಿತ್ತು. ದೇವರ ಗುಡಿಗೆ ಮೀಸಲಾಗಿದ್ದ ಈ ಮುಖವನ್ನು ವಾಸದ ಮನೆಗೆ ತೊಡಿಸುವ ರೂಢಿಯನ್ನು ಹದಿನಾರನೆಯ ಶತಮಾನದ ಇಟಲಿಯಲ್ಲಿ ಬೆಳೆಸಿದವನು ಆಂಡ್ರಿಯಾ ಪಲ್ಲಾಡಿಯೊ. ಅಲಂಕಾರಕ್ಕಿಂತ ಅಳತೆಯ ಹೊಂದಾಣಿಕೆಗೆ ಬೆಲೆ ಕೊಡುವ ಆ ಪದ್ಧತಿಗೆ ಅವನ ಹೆಸರಿನಿಂದಲೇ ಪಲ್ಲಾಡಿಯನ್ ಶೈಲಿ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ ಈ ಶೈಲಿಯ ಮೊದಲ ಬೃಹತ್ ಮಹಲುಗಳ ಸಾಲಿಗೆ ವಾನ್‌ಸ್ಟೆಡ್ ಸೇರುತ್ತದೆ. ಕ್ಯಾಂಬೆಲ್ ತನ್ನ ನಕ್ಷೆಗಳನ್ನು ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದರಿಂದ ಅದನ್ನು ಕಣ್ಣಾರೆ ಕಾಣದವರೂ ಅನುಕರಿಸುವಂತಾಯಿತು. ಯಾರ್ಕ್‌ಶೈರಿನ ವೆಂಟ್‌ವರ್ತ್ ವುಡ್‌ಹೌಸ್, ಬಾತ್ ಪಟ್ಟಣದ ಪ್ರಯರ್ ಪಾರ್ಕ್ ಮಹಲುಗಳಲ್ಲಿ ಅದರ ಛಾಯೆಯನ್ನು ಇಂದಿಗೂ ಕಾಣಬಹುದು. ಒಳಾಂಗಣದ ವೈಭವಕ್ಕೆ ಸಾಕ್ಷಿಯಾಗಿ ವಿಲಿಯಂ ಹೋಗಾರ್ತ್ ಬರೆದ, ಮನೆಯವರು ಇಸ್ಪೀಟು ಮತ್ತು ಚಹಾದ ಮೇಜುಗಳ ಸುತ್ತ ನೆರೆದಿರುವ ಗುಂಪುಚಿತ್ರ ಅಮೆರಿಕದ ಫಿಲಡೆಲ್ಫಿಯಾದ ಕಲಾ ಸಂಗ್ರಹಾಲಯದಲ್ಲಿ ಉಳಿದುಕೊಂಡಿದೆ.

ತೋಟವು ಮಾತ್ರ ಒಂದೇ ರೂಪದಲ್ಲಿ ನಿಲ್ಲಲಿಲ್ಲ. ಕಾಲದ ಅಭಿರುಚಿ ನೇರಗೆರೆಗಳಿಂದ ಸಹಜ ಕಾಡಿನ ಸೊಗಸಿನತ್ತ ಹೊರಳಿದಂತೆ, ಮಹಲಿನ ಹಿಂದೆ ರೋಡಿಂಗ್ ಹೊಳೆಯ ಬಯಲಿನಲ್ಲಿ ನಡುಗಡ್ಡೆಗಳನ್ನುಳ್ಳ ಉದ್ದನೆಯ ಅಲಂಕಾರ ಸರೋವರ ಏರ್ಪಟ್ಟಿತು. ಮುಂಭಾಗದಲ್ಲಿ ಅಷ್ಟಕೋನದ ಕೊಳವೊಂದಿತ್ತು. ಸರೋವರದ ದಡದಲ್ಲಿ 1760ರ ದಶಕದಲ್ಲಿ ಎರಡನೆಯ ಟಿಲ್ನಿ ಪ್ರಭು, ಅಂದರೆ ರಿಚರ್ಡ್ ಚೈಲ್ಡ್‌ನ ಮಗ, ಕಟ್ಟಿಸಿದ ಕೃತಕ ಗುಹೆ ಈ ಎಲ್ಲ ರಚನೆಗಳಲ್ಲಿ ಅತ್ಯಂತ ವಿಶಿಷ್ಟವಾದುದು. ಕೆಳಗೆ ದೋಣಿ ನಿಲ್ಲಿಸುವ ಕಮಾನು, ಮೇಲೆ ಗುಮ್ಮಟದ ಕೋಣೆ, ಅದರ ಒಳಗೋಡೆಗಳಿಗೆ ಒತ್ತೊತ್ತಾಗಿ ಮೆತ್ತಿದ ಕಪ್ಪೆಚಿಪ್ಪು, ಬೆಣಚುಕಲ್ಲು, ಹರಳುಗಳು. ಹೊರಗಿನಿಂದ ನೋಡಿದರೆ ಒರಟು ಬಂಡೆಗಳ ರಾಶಿ. ನೀರಿನ ಮೇಲೆ ದೋಣಿಯಲ್ಲಿ ಬಂದು, ಬಂಡೆಯೆಂದು ತೋರಿದ್ದರೊಳಗೆ ಕಾಲಿಟ್ಟಾಗ ಹೊಳೆಯುವ ಕೋಣೆ ಎದುರಾಗಬೇಕೆಂಬುದೇ ಅದರ ಕಲ್ಪನೆ.

ಮಹಲಿನ ಅವನತಿಗೆ ಕಾರಣ ಬೆಂಕಿಯಲ್ಲ, ಯುದ್ಧವಲ್ಲ, ಸಾಲ. ಟಿಲ್ನಿ ಪ್ರಭುವಿಗೆ ಮಕ್ಕಳಿರಲಿಲ್ಲವಾಗಿ ಆಸ್ತಿ ಸೋದರಳಿಯನ ವಂಶಕ್ಕೆ ಹೋಗಿ, 1805ರಲ್ಲಿ ಕ್ಯಾಥರೀನ್ ಟಿಲ್ನಿ-ಲಾಂಗ್ ಎಂಬ ಹದಿಹರೆಯದ ಹುಡುಗಿಯ ಪಾಲಾಯಿತು. ಮುಂದೆ ನಾಲ್ಕನೆಯ ವಿಲಿಯಂ ಎಂದು ದೊರೆಯಾದ ರಾಜಕುಮಾರನ ಕೋರಿಕೆಯನ್ನೂ ನಿರಾಕರಿಸಿದ ಆಕೆ 1812ರಲ್ಲಿ ಮದುವೆಯಾದದ್ದು ವಿಲಿಯಂ ವೆಲ್ಲೆಸ್ಲಿ-ಪೋಲ್ ಎಂಬ ದುಂದುಗಾರನನ್ನು. ಇವನ ದೊಡ್ಡಪ್ಪ ರಿಚರ್ಡ್ ವೆಲ್ಲೆಸ್ಲಿ 1799ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿಸಿದ ಗವರ್ನರ್ ಜನರಲ್. ಚಿಕ್ಕಪ್ಪ ಆರ್ಥರ್ ವೆಲ್ಲೆಸ್ಲಿ ಅದೇ ಯುದ್ಧದ ಬಳಿಕ ಶ್ರೀರಂಗಪಟ್ಟಣದ ಅಧಿಕಾರ ವಹಿಸಿಕೊಂಡು ದರಿಯಾ ದೌಲತ್‌ನಲ್ಲಿ ವಾಸವಾಗಿದ್ದ ಸೇನಾನಿ. ಕಂಪನಿಯ ವ್ಯಾಪಾರದ ಹಣದಿಂದ ಮೇಲೆದ್ದ ಮನೆತನವೂ ಕಂಪನಿಯ ಯುದ್ಧದಿಂದ ಹೆಸರಾದ ಮನೆತನವೂ ಹೀಗೆ ವಾನ್‌ಸ್ಟೆಡ್‌ನಲ್ಲಿ ಬೆಸೆದವು.

ಮದುವೆಯ ಹೊತ್ತಿನಲ್ಲಿ ಮಾಡಿಕೊಂಡ ಆಸ್ತಿಯ ಕರಾರು ಮಹಲಿನ ಹಣೆಬರಹವನ್ನು ನಿರ್ಧರಿಸಿತು. ಗಂಡನಿಗೆ ಸಿಕ್ಕಿದ್ದು ಜೀವಿತಾವಧಿಯ ಹಕ್ಕು ಮಾತ್ರ, ಎಂದರೆ ಬದುಕಿರುವವರೆಗೆ ಅನುಭವಿಸಬಹುದು, ನೆಲವನ್ನು ಪರಭಾರೆ ಮಾಡುವಂತಿಲ್ಲ. ನೆಲ ಹುಟ್ಟುವ ಮಗನಿಗೆ ಸೇರಬೇಕು. ಸಾಲಗಾರರ ಕಾಟ ಮಿತಿಮೀರಿದಾಗ ಮಾರಲು ಉಳಿದದ್ದು ಮನೆಯ ಒಳಗಿನ ಸಾಮಾನು, ಆ ಮೇಲೆ ಮನೆಯೇ. 1822ರ ಜೂನ್‌ನಲ್ಲಿ ಆರಂಭವಾದ ಹರಾಜು 32 ದಿನ ನಡೆದು, ಪೀಠೋಪಕರಣ, ಚಿತ್ರಪಟ, ಪುಸ್ತಕಗಳೆಲ್ಲ ಊರೂರಿನವರ ಪಾಲಾದವು. ಮರುವರ್ಷ ಬರಿದಾದ ಕಟ್ಟಡ ಕೆಡವಿ ಒಯ್ಯುವ ಷರತ್ತಿನ ಮೇಲೆ 10,000 ಪೌಂಡಿಗೆ ಹೋಯಿತು. ದೇಶದ ವಾಸ್ತುಶಿಲ್ಪಕ್ಕೆ ಮೇಲ್ಪಂಕ್ತಿ ಹಾಕಿದ ಮಹಲನ್ನು ಕಲ್ಲು, ಸೀಸ, ಮರದ ತೊಲೆಗಳ ಬೆಲೆಗೆ ಅಳೆದ ಈ ವ್ಯವಹಾರದಷ್ಟು ನೋವಿನ ಸಂಗತಿ ಅದರ ಚರಿತ್ರೆಯಲ್ಲಿ ಬೇರೆಯಿಲ್ಲ. ಕ್ಯಾಥರೀನ್ 1825ರಲ್ಲಿ ತೀರಿಕೊಂಡಳು. ಆ ಹೊತ್ತಿಗೆ ತವರಿನ ಮನೆ ನೆಲದ ಮೇಲಿರಲಿಲ್ಲ. ಎರಡು ವರ್ಷಗಳ ಬಳಿಕ, ನಡತೆಗೆಟ್ಟ ತಂದೆಯ ವಶಕ್ಕೆ ಆಕೆಯ ಮಕ್ಕಳನ್ನು ಕೊಡಲು ನ್ಯಾಯಾಲಯ ಒಪ್ಪಲಿಲ್ಲ.

ನೆಲವನ್ನು ಮಾರದಂತೆ ತಡೆದ ಅದೇ ಕರಾರು ತೋಟವನ್ನು ತುಂಡಾಗದಂತೆ ಕಾಯಿತು. ವಾರಸುದಾರನಾದ ಕೌಲಿ ಪ್ರಭು 1880ರಲ್ಲಿ 184 ಎಕರೆಯನ್ನು ಲಂಡನ್ ನಗರಾಡಳಿತಕ್ಕೆ ಮಾರಿದ್ದರಿಂದ, ಎಪಿಂಗ್ ಕಾಡಿನ ಭಾಗವಾಗಿ ಅದು 1882ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಇನ್ನೆರಡು ವರ್ಷಕ್ಕೆ ಬೆಂಕಿ ಬಿದ್ದು ಗುಹೆಯ ಒಳಗಿನ ಚಿಪ್ಪು ಹರಳುಗಳ ಕೋಣೆ ಹಾಳಾಯಿತು. ನೀರಿಗೆ ಎದುರಾದ ಗೋಡೆಯಷ್ಟೇ ಪೊದೆಗಳ ನಡುವೆ ನಿಂತಿದೆ. ಮಹಲಿದ್ದ ಜಾಗ ಈಗ ಗಾಲ್ಫ್ ಮೈದಾನ. ಅಡಿಪಾಯ ಕಿತ್ತ ಕಡೆ ನೆಲ ತಗ್ಗಾಗಿ, ಹುಲ್ಲು ಮುಚ್ಚಿಕೊಂಡಿದೆ. ಆ ತಗ್ಗಿನಿಂದ ಪೂರ್ವಕ್ಕೆ ಸರೋವರದವರೆಗೆ ಮರಗಳ ನಡುವೆ ತೆರಪಾಗಿ ಬಿಟ್ಟಿದ್ದ ಹುಲ್ಲಿನ ಓಣಿ, ಯಾವ ಕಿಟಕಿಯ ನೋಟಕ್ಕೆಂದು ಬಿಟ್ಟಿದ್ದರೋ ಆ ಕಿಟಕಿ ಇಲ್ಲದಿದ್ದರೂ, ಅದೇ ದಿಕ್ಕಿಗೆ ನೆಟ್ಟಗೆ ಸಾಗುತ್ತದೆ. ಪಶ್ಚಿಮದ ರಸ್ತೆಯಂಚಿನಲ್ಲಿ ಹಳೆಯ ಹೆಬ್ಬಾಗಿಲಿನ ಎರಡು ಕಲ್ಲುಗಂಬಗಳಿದ್ದು, ರಿಚರ್ಡ್ ಚೈಲ್ಡ್‌ನ ಹೆಸರಿನ ಮೊದಲಕ್ಷರಗಳು ಒಂದರೊಳಗೊಂದು ಹೆಣೆದುಕೊಂಡು ಅವುಗಳ ಮೇಲೆ ಕಾಣುತ್ತವೆ.