ಕಣ್ಣಿನಿಂದ ಆಲಿಸಿದ ಬಾಲಣ್ಣ

ನಗಿಸುವವನಿಗೆ ಕಿವಿ ಚುರುಕಾಗಿರಬೇಕು. ಎದುರಿನ ನಟನ ಮಾತು ಮುಗಿಯುವ ಗಳಿಗೆಯನ್ನರಿತು ಉತ್ತರಿಸದಿದ್ದರೆ ನಗೆ ಹುಟ್ಟದು. ಆದರೆ ಕನ್ನಡ ಚಿತ್ರರಂಗದ ಶ್ರೇಷ್ಠ ಹಾಸ್ಯನಟರಲ್ಲೊಬ್ಬರಾದ ಟಿ.ಎನ್. ಬಾಲಕೃಷ್ಣ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ!

ಅರಸೀಕೆರೆಯ ಬಾಲಕೃಷ್ಣರು ಬಡತನದಲ್ಲಿ ಬೆಳೆದು, ವೃತ್ತಿರಂಗಭೂಮಿಯಲ್ಲಿ ಪಳಗಿ, 1943ರ ‘ರಾಧಾರಮಣ’ ಚಿತ್ರದಿಂದ ಬೆಳ್ಳಿತೆರೆಗೆ ಬಂದರು. ತಮ್ಮ ಮಾತಿನೊಡನೆ ಎದುರಿನವರ ಮಾತನ್ನೂ ಕಂಠಪಾಠ ಮಾಡಿಕೊಂಡು, ಅವರ ತುಟಿಗಳ ಚಲನೆಯನ್ನು ನೋಡಿ ಉತ್ತರ ಕೊಡುತ್ತಿದ್ದರು. ನರಸಿಂಹರಾಜು ಅವರೊಡನೆ ಅವರದು ಮರೆಯಲಾಗದ ಜೋಡಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹಿರಿಯರು ಆ ಜೋಡಿಯ ಹೆಸರೆತ್ತಿದರೆ ಇಂದಿಗೂ ನಗುತ್ತಾರೆ. ಕುಟಿಲ ಪಾತ್ರಗಳಲ್ಲಿ ಪ್ರೇಕ್ಷಕರ ಬೈಗುಳವನ್ನು ಗಳಿಸಿದ ಅದೇ ನಟ, 1972ರ ‘ಬಂಗಾರದ ಮನುಷ್ಯ’ದಲ್ಲಿ ರಾಚೂಟಪ್ಪನಾಗಿ ಎಲ್ಲರ ಪ್ರೀತಿಯನ್ನೂ ಗಳಿಸಿದರು. ಜನ ಅವರನ್ನು ‘ಬಾಲಣ್ಣ’ ಎಂದೇ ಕರೆದರು.

ಕನ್ನಡ ಚಿತ್ರಗಳ ಚಿತ್ರೀಕರಣಕ್ಕೆ ಮದರಾಸನ್ನು ಅವಲಂಬಿಸಬೇಕಾಗಿದ್ದ ಕಾಲದಲ್ಲಿ ಅವರು ಬೆಂಗಳೂರಿನ ಹೊರವಲಯದಲ್ಲಿ ಅಭಿಮಾನ್ ಸ್ಟುಡಿಯೋ ಕಟ್ಟಲು ಹೊರಟರು. ಗಳಿಸಿದ್ದನ್ನೆಲ್ಲ ಅದಕ್ಕೆ ಸುರಿದು ಸಾಲದ ಹೊರೆ ಹೊತ್ತರು. 1995ರಲ್ಲಿ ನಿಧನರಾದರು. 2009ರಲ್ಲಿ ನಟ ವಿಷ್ಣುವರ್ಧನ್ ಅವರ ಅಂತ್ಯಸಂಸ್ಕಾರ ಅಲ್ಲಿಯೇ ನಡೆಯಿತು. ಬಳಿಕ ಆ ನೆಲ ವ್ಯಾಜ್ಯಕ್ಕೆ ಸಿಲುಕಿತು. 2025ರ ಆಗಸ್ಟ್‌ನಲ್ಲಿ ಅಲ್ಲಿದ್ದ ಸಮಾಧಿಯೂ ನೆಲಸಮವಾಯಿತು. ಬಾಲಣ್ಣನ ಕನಸಿನ ಗೋಡೆಗಳು ಉಳಿಯಲಿಲ್ಲ. ಉಳಿದದ್ದು ಅವರ ನಡೆ ಕಲಿಸಿದ ಪಾಠ.

ಪ್ರಿಯ ಓದುಗರೇ, ನಾಟಕ, ಸಿನಿಮಾಗಳಲ್ಲಿ ಕಿವುಡುತನ ಬಹುಕಾಲದಿಂದ ಅಗ್ಗದ ನಗೆಯ ಸರಕು. ಒಂದು ಕೇಳಿದರೆ ಇನ್ನೊಂದು ಹೇಳುವ ಮುದುಕನನ್ನು ಕಂಡು ನಾವೆಲ್ಲರೂ ನಕ್ಕಿದ್ದೇವೆ. ಮನೆಯಲ್ಲಿಯೂ ಅದೇ ನಡೆಯುತ್ತದೆ. ಊಟದ ಹೊತ್ತಿನಲ್ಲಿ ಎಲ್ಲರೂ ನಕ್ಕಾಗ, ಕಿವಿ ಮಂದವಾದ ಅಜ್ಜಿ “ಏನಂದ್ರಿ?” ಎನ್ನುತ್ತಾಳೆ. “ಏನಿಲ್ಲ ಬಿಡಜ್ಜಿ” ಎಂಬುದು ನಮ್ಮ ಉತ್ತರ. ಎರಡು ಸಲ ಹಾಗೆಂದರೆ ಮೂರನೆಯ ಸಲ ಅವಳು ಕೇಳುವುದಿಲ್ಲ. ಮನೆಯೊಳಗಿದ್ದೂ ಮನೆಯಿಂದ ಹೊರಗಾಗುತ್ತಾಳೆ.

ಶಬ್ದವನ್ನು ಹಿಡಿಯುವುದು ಇಂದ್ರಿಯದ ಕೆಲಸ. ಎದುರಿನವರನ್ನು ಆಲಿಸುವುದು ಮನಸ್ಸಿನ ಕೆಲಸ. ಕಿವಿ ಕೇಳದ ಬಾಲಣ್ಣ ಎದುರಿನವರ ಮುಖವನ್ನು ಎವೆಯಿಕ್ಕದೆ ನೋಡಿ ಆಲಿಸಿದರು. ಕಿವಿ ನೆಟ್ಟಗಿರುವ ನಾವು ಅಜ್ಜಿಯ ಎದುರು ಕುಳಿತು, ಮುಖ ಕಾಣುವಂತೆ, ಆ ನಗೆಮಾತನ್ನು ಇನ್ನೊಮ್ಮೆ ನಿಧಾನವಾಗಿ ಹೇಳಬಾರದೇ? ಅವಳು ತಡವಾಗಿ ನಕ್ಕರೇನು, ನಗುವುದು ನಮ್ಮೊಡನೆಯೇ.