ಮೊದ್ಲು ಮಳೆ ಸುದ್ದಿ ಓದಮ್ಮ

ನಾಲ್ಕನೇ ಸೆಮಿಸ್ಟರ್‌ನಲ್ಲಿ ಎರಡು ಸಬ್ಜೆಕ್ಟ್ ಬ್ಯಾಕ್ ಆದಾಗ ಬದುಕೇ ಮುಗಿಯಿತು ಅಂದುಕೊಂಡಿದ್ದೆ. ಅದೇ ಬೇಸರದಲ್ಲಿ ಗೆಳತಿಯ ಜೊತೆ ಬೆಂಗಳೂರಿನ ಮಾರತ್ತಹಳ್ಳಿ ಬಳಿಯ ಕರುಣಾಶ್ರಯಕ್ಕೆ ಹೋದೆ. ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳನ್ನು 1999ರಿಂದ ಉಚಿತವಾಗಿ ನೋಡಿಕೊಳ್ಳುತ್ತಿರುವ ಜಾಗವದು. ನೋವು ತಗ್ಗಿಸುವ ಔಷಧ, ಗಾಯಕ್ಕೆ ಡ್ರೆಸ್ಸಿಂಗ್, ಪಕ್ಕದಲ್ಲಿ ಕೂರುವ ಜನ.

ನನಗೆ ಸಿಕ್ಕ ಕೆಲಸ ಪೇಪರ್ ಓದುವುದು. ಏನು ಸಮಾಧಾನ ಹೇಳಲಿ ಎಂದು ಬಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ. ಒಂದೂ ಬೇಕಾಗಲಿಲ್ಲ. ಹಾಸನ ಕಡೆಯ ಅಜ್ಜರೊಬ್ಬರು, 'ಮೊದ್ಲು ಮಳೆ ಸುದ್ದಿ ಓದಮ್ಮ' ಎಂದರು. ಆಮೇಲೆ ಶುಂಠಿ ರೇಟು. ಊರಲ್ಲಿ ಮಗ ಶುಂಠಿ ಹಾಕಿದ್ದನಂತೆ. ಅದನ್ನು ಕೀಳುವ ಹೊತ್ತಿಗೆ ತಾವಿರುವುದಿಲ್ಲ ಎಂಬುದನ್ನೂ ರೇಟು ಕೇಳಿದಷ್ಟೇ ಸಲೀಸಾಗಿ ಹೇಳಿದರು.

ಸಾವು ಹತ್ತಿರ ಬಂದವರು ಬರೀ ದೇವರು, ಮೋಕ್ಷ ಅನ್ನುತ್ತಾರೆಂದು ನಾನೇಕೆ ನಂಬಿದ್ದೆನೋ! ಸಿನಿಮಾ ನೋಡಿಯೇ ಇರಬೇಕು. ನನ್ನ ಬ್ಯಾಕ್ ವಿಷಯ ಹೇಳಿಕೊಂಡೆ. ಅಜ್ಜ ನಕ್ಕರು. 'ಮತ್ತೆ ಬರಿಯಕ್ಕೆ ಬಿಡ್ತಾರಲ್ವಾ?'

ಮೂರನೇ ಭಾನುವಾರ ಆ ಹಾಸಿಗೆಯಲ್ಲಿ ಬೇರೆಯವರಿದ್ದರು. ಪೇಪರ್ ಮಡಚಿ ಹೊರಗೆ ಬಂದು ಅತ್ತೆ. ಸಿಸ್ಟರ್ ನೀರು ಕೊಟ್ಟು, 'ಅವರೂ ಪೇಪರ್‌ಗೆ ಕಾಯ್ತಿದ್ದಾರೆ' ಎಂದರು. ಒಳಗೆ ಹೋಗಿ ಮಳೆ ಸುದ್ದಿಯಿಂದಲೇ ಶುರು ಮಾಡಿದೆ. ಅವರು ತಡೆದರು. 'ಅದೆಲ್ಲ ಬೇಡ, ಕ್ರಿಕೆಟ್ ಓದಮ್ಮ.'