ಕಾಲುವೆಯ ಗುತ್ತಿಗೆ, ಕಾನೂನಿನ ಕಿಂಡಿ

ಸುರಪುರ ತಾಲ್ಲೂಕಿನ ಕೆಂಭಾವಿ ಸುತ್ತಿನ ಹೊಲಗಳಿಗೆ ನೀರು ಬರುವುದು ನಾರಾಯಣಪುರದ ಬಸವಸಾಗರದಿಂದ, ಎಡದಂಡೆ ಕಾಲುವೆಯ ಜಾಲದ ಮೂಲಕ. ನೀರು ಯಾವತ್ತು ಬಿಡಬೇಕು, ಯಾವತ್ತು ನಿಲ್ಲಿಸಬೇಕು ಎಂಬುದನ್ನು ತೀರ್ಮಾನಿಸುವುದು ನೀರಾವರಿ ಸಲಹಾ ಸಮಿತಿ. ಅದರಲ್ಲಿ ಈ ಭಾಗದ ಶಾಸಕರಿರುತ್ತಾರೆ. ನೀರು ನಿಂತ ಮೇಲೆ ಕಾಲುವೆಯ ದುರಸ್ತಿ, ಅಂದರೆ ಕ್ಲೋಸರ್ ಕಾಮಗಾರಿ ಶುರು. ರೈತನಿಗೆ ಮೆಣಸಿನಕಾಯಿಗೆ ಇನ್ನೊಂದು ಸರದಿ ನೀರು ಬೇಕು; ಗುತ್ತಿಗೆದಾರನಿಗೆ ಕಾಲುವೆ ಬೇಗ ಒಣಗಬೇಕು. ಸಮಿತಿಯಲ್ಲಿ ಕೂತವರೇ ಗುತ್ತಿಗೆದಾರರೂ ಆಗಿದ್ದರೆ? ‘ಹಿತಾಸಕ್ತಿ ಸಂಘರ್ಷ’ ಎಂಬ ಭಾರದ ಪದದ ಅರ್ಥ ಇಷ್ಟೇ. ಇದು ಯಾರ ಮೇಲಿನ ಆರೋಪವೂ ಅಲ್ಲ. ಹಾಗಾಗದಂತೆ ಕಾನೂನು ತಡೆಯುತ್ತದೆಯೇ ಎಂಬುದಷ್ಟೇ ಇಲ್ಲಿಯ ಪ್ರಶ್ನೆ.

1951ರ ಪ್ರಜಾಪ್ರತಿನಿಧಿ ಕಾಯ್ದೆ ಮೊದಲು ಬಿಗಿಯಾಗಿಯೇ ಇತ್ತು. ಸರ್ಕಾರದ ಗುತ್ತಿಗೆ ಅಭ್ಯರ್ಥಿಯ ಹೆಸರಿನಲ್ಲಿರಲಿ, ಅವನ ಪರವಾಗಿ ಬೇರೊಬ್ಬರ ಹೆಸರಿನಲ್ಲಿರಲಿ, ಅದರಲ್ಲಿ ಪಾಲಿದ್ದರೆ ಅನರ್ಹತೆ. ಸೇನಾ ಕ್ಯಾಂಟೀನಿಗೆ ಬೀಡಿ ಪೂರೈಸುತ್ತಿದ್ದ ಸಂಸ್ಥೆಯ ಪಾಲುದಾರರೊಬ್ಬರನ್ನು 1954ರಲ್ಲಿ ಸುಪ್ರೀಂ ಕೋರ್ಟ್ ಇದೇ ನೆಲೆಯಲ್ಲಿ ಅನರ್ಹರೆಂದಿತು. ಸಂಸತ್ತು ಆಮೇಲೆ ಹಿಡಿತ ಸಡಿಲಿಸಿತು. 1966ರಲ್ಲಿ ಬಂದ 9ಎ ಕಲಂ ನೋಡುವುದು ಅಭ್ಯರ್ಥಿಯೇ ಮಾಡಿಕೊಂಡ, ಇನ್ನೂ ಚಾಲ್ತಿಯಲ್ಲಿರುವ ಗುತ್ತಿಗೆಯನ್ನು ಮಾತ್ರ. ಮಗ, ಹೆಂಡತಿ, ಅಳಿಯನ ಹೆಸರು ಅದರ ಕಣ್ಣಿಗೆ ಬೀಳುವುದಿಲ್ಲ. ಕೆಲಸ ಮುಗಿದು ಬಿಲ್ಲು ಬಾಕಿ ಇದ್ದರೆ ಗುತ್ತಿಗೆ ಮುಗಿದಂತೆಯೇ ಲೆಕ್ಕ. ಗುತ್ತಿಗೆದಾರನಿಗೆ ಸರ್ಕಾರದ ಹಂಗು ಹೆಚ್ಚಿರುವುದು ಬಿಲ್ಲು ಬಾಕಿ ಇರುವಾಗಲೇ ಎಂಬುದು ಬೇರೆ ಮಾತು.

ದೊಡ್ಡ ಕಿಂಡಿ ಇನ್ನೊಂದಿದೆ. ವಿದರ್ಭದ ನೀರಾವರಿ ಅಭಿವೃದ್ಧಿ ನಿಗಮದ ಗುತ್ತಿಗೆ ಕುರಿತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ, ಅಂಥ ನಿಗಮ 9ಎ ಹೇಳುವ ‘ಸರ್ಕಾರ’ ಅಲ್ಲ ಎಂದಿತು. ಅದರ ಗುತ್ತಿಗೆಯಿಂದ ಅನರ್ಹತೆ ಬರುವುದಿಲ್ಲ. ಕೆಂಭಾವಿಯ ಕಾಲುವೆಗಳೂ ಸೇರಿದ ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಮಗಾರಿಗಳನ್ನು 1994ರಿಂದ ನಡೆಸುತ್ತಿರುವುದೂ ನಿಗಮವೇ, ಕೃಷ್ಣಾ ಭಾಗ್ಯ ಜಲ ನಿಗಮ. ಅದೇ ತರ್ಕ ಇಲ್ಲಿಗೂ ಹೊಂದಿದರೆ, ಕಾಲುವೆಗೆ ಕಾಂಕ್ರೀಟ್ ಹಾಕುವ ಗುತ್ತಿಗೆದಾರ ಗುತ್ತಿಗೆ ಬಿಡದೆಯೇ ಶಾಸಕನಾಗಬಹುದು.

ಇದುವರೆಗೆ ಬಂದ ಹಣಕ್ಕಿಂತ ಮುಂದೆ ಬರುವುದು ದೊಡ್ಡದು. ಈ ಯೋಜನೆಯ ಮೂರನೇ ಹಂತದಲ್ಲಿ ಆಲಮಟ್ಟಿ ಅಣೆಕಟ್ಟೆಯ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಬೇಕು. ಮುಳುಗಡೆಯ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರಕ್ಕೆ ರಾಜ್ಯ ಸಂಪುಟ 2025ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಕೊಟ್ಟಿದೆ. ಭೂಮಿಯ ಹಿಂದೆ ಕಾಲುವೆಗಳ ಟೆಂಡರ್ ಬರುತ್ತದೆ. ಟೆಂಡರಿನ ಮೊತ್ತ ಬೆಳೆದಷ್ಟೂ ಕಾಮಗಾರಿ ಯಾವ ಹಳ್ಳಿಗೆ ಮೊದಲು, ನೀರು ಯಾವತ್ತಿನವರೆಗೆ ಎಂಬ ತೀರ್ಮಾನಗಳ ಮೇಲೆ ಒತ್ತಡವೂ ಬೆಳೆಯುತ್ತದೆ. ಪೆಟ್ಟು ಮೊದಲು ಬೀಳುವುದು ಕಾಲುವೆಯ ಕೊನೆಯಲ್ಲಿರುವ ಟೇಲ್ ಎಂಡ್ ರೈತನಿಗೆ.

2018ರಲ್ಲಿ ಸುಪ್ರೀಂ ಕೋರ್ಟ್ ಒಂದು ಬೆಳಕಿನ ಕಿಟಕಿ ತೆರೆಯಿತು. ಅಭ್ಯರ್ಥಿ, ಸಂಗಾತಿ, ಅವಲಂಬಿತರು, ಅವರ ಪಾಲುದಾರಿಕೆ ಸಂಸ್ಥೆಗಳು ಸರ್ಕಾರದ ಅಥವಾ ಸಾರ್ವಜನಿಕ ಕಂಪನಿಯ ಜೊತೆ ಮಾಡಿಕೊಂಡ ಗುತ್ತಿಗೆಗಳನ್ನು ಚುನಾವಣಾ ಪ್ರಮಾಣಪತ್ರದಲ್ಲಿ, ಅಂದರೆ ನಮೂನೆ 26ರಲ್ಲಿ, ಹೇಳಲೇಬೇಕು. ಆದರೆ ಅದು ಐದು ವರ್ಷಕ್ಕೊಮ್ಮೆಯ ಭಾವಚಿತ್ರ. ಗೆದ್ದ ಮಾರನೇ ದಿನ ಸಿಕ್ಕ ಗುತ್ತಿಗೆ ಅದರಲ್ಲಿ ಇರುವುದಿಲ್ಲ.

9ಎ ತಿದ್ದುವುದು ಸಂಸತ್ತಿನ ಕೆಲಸ. ಆದರೆ ರಾಜ್ಯವೇ ಮಾಡಬಹುದಾದ ಕೆಲಸವೂ ಒಂದಿದೆ. ರಾಜ್ಯಸಭೆಯಲ್ಲಿ ಸದಸ್ಯರ ಹಿತಾಸಕ್ತಿ ನೋಂದಣಿ ಪುಸ್ತಕ ಈಗಾಗಲೇ ಇದೆ. ಕಂಪನಿ ನಿರ್ದೇಶಕತ್ವ, ನಿಯಂತ್ರಣ ಕೊಡುವಷ್ಟು ಷೇರು, ಸಂಬಳದ ಸಲಹೆಗಾರಿಕೆ ಮೊದಲಾದ ಐದು ಬಾಬತ್ತುಗಳನ್ನು ಅಲ್ಲಿ ಬರೆಸಬೇಕು. ಅಂಥದೊಂದನ್ನು ಕರ್ನಾಟಕ ವಿಧಾನಸಭೆ ತನ್ನ ನಡಾವಳಿ ನಿಯಮದಲ್ಲೇ ತರಬಹುದು. ದೆಹಲಿಯ ಅಪ್ಪಣೆ ಬೇಡ. ಕುಟುಂಬದವರ ನಿಗಮದ ಗುತ್ತಿಗೆಗಳೂ ಅದಕ್ಕೆ ಸೇರಲಿ, ಬದಲಾವಣೆಯಾದಾಗಲೆಲ್ಲ ಬರೆಯಲಿ. ಮುಂದಿನ ಚುನಾವಣೆ 2028ಕ್ಕೆ. ಅಭ್ಯರ್ಥಿ ಮನೆ ಬಾಗಿಲಿಗೆ ಬಂದಾಗ ನಮೂನೆ 26ರ ಗುತ್ತಿಗೆ ಕಲಮಿನಲ್ಲಿ ಏನು ಬರೆದಿದ್ದೀರಿ ಎಂದು ಕೇಳಿ.